ಕಂಬದಾಚೆಯ ಅರ್ಧ

ಆರ್ಡಿಸ್ ಬನ್ನು ಸೀಳಿ ಬೆಣ್ಣೆ ಸವರುತ್ತಿದ್ದಳು. ಗಂಡನ ಶವಪೆಟ್ಟಿಗೆ ಮೇಲ್ಗಡೆ ಚರ್ಚಿನಲ್ಲಿತ್ತು. ಇವಳು ಕೆಳಗೆ ನೆಲಮಾಳಿಗೆಯ ಅಡುಗೆಮನೆಯಲ್ಲಿ, ಕಪ್ಪು ಉಡುಪಿನ ಮೇಲೆ ಏಪ್ರನ್ ಬಿಗಿದು ನಿಂತಿದ್ದಳು.

"ಆ ಚಾಕು ಕೊಡೆ ಇಲ್ಲಿ," ಎಂದಳು ಪಕ್ಕದ ಮನೆಯ ಮಾರ್ಲಿಸ್. "ಇವತ್ತೊಂದಿನ ಸುಮ್ಮನೆ ಕೂತ್ರೆ ನಿನ್ನ ಗಂಟೇನು ಹೋಗುತ್ತೆ?"

"ಕೂತ್ರೆ ಬಂದವರೆಲ್ಲ ಕೈ ಹಿಡ್ಕೋತಾರೆ. ಕೈಯೆಲ್ಲ ಬೆಣ್ಣೆ ಆಗಿದ್ರೆ ಯಾರೂ ಹಿಡ್ಕೊಳಲ್ಲ."

ಮಾರ್ಲಿಸ್ ನಗಬೇಕೋ ಅಳಬೇಕೋ ತಿಳಿಯದೆ ಹಂದಿಮಾಂಸದ ಹ್ಯಾಮಿನ ತಟ್ಟೆಯನ್ನು ಅತ್ತಿತ್ತ ಸರಿಸಿದಳು. ಹಾಲಿಂಗ್ ಟೌನ್‌ಶಿಪ್ಪಿನಲ್ಲಿ, ಅಂದರೆ ಹೊಲಮನೆಗಳ ಈ ಪುಟ್ಟ ಪಂಚಾಯ್ತಿಯಲ್ಲಿ, ಯಾರು ಸತ್ತರೂ ಊಟ ಒಂದೇ ಬಗೆ: ಹ್ಯಾಮ್ ಇಟ್ಟ ಬನ್ನು, ಆಲೂಗಡ್ಡೆಯ ಪಲ್ಯ, ನೀರುನೀರಾದ ಕಾಫಿ. ಈ ಇಬ್ಬರು ಹೆಂಗಸರು ಇದೇ ಮೇಜಿನ ಮುಂದೆ ನಿಂತು ಊರಿನ ಅರ್ಧ ಜನರಿಗೆ ಕೊನೆಯ ಬನ್ನು ಸೀಳಿದವರು. ಇವತ್ತು ಓರ್ವಲ್ ಸ್ಟೊರ್ಲಿಯ ಸರದಿ. ಬಹಳ ವರ್ಷ ಟೌನ್‌ಶಿಪ್ಪಿನ ರಸ್ತೆ ನೋಡಿಕೊಂಡವನು ಅವನು. ಬೇಸಿಗೆಯಲ್ಲಿ ಜಲ್ಲಿ ಹರವಿದ, ಚಳಿಗಾಲದಲ್ಲಿ ಹಿಮ ತಳ್ಳಿದ, ಮೊನ್ನೆ ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳುತ್ತ ಕುರ್ಚಿಯಲ್ಲೇ ಬಾಗಿದವನು ಮತ್ತೆ ಏಳಲಿಲ್ಲ.

ಶವಸಂಸ್ಕಾರದ ಏರ್ಪಾಡು ಮಾಡುವ ಕರ್ಟಿಸ್ ಮೆಟ್ಟಿಲಿಳಿದು ಬಂದ. ಟೋಪಿ ಕೈಯಲ್ಲಿತ್ತು. ಅವನ ಮುಖ ನೋಡಿದ ಕೂಡಲೇ ಆರ್ಡಿಸ್ ಚಾಕು ಕೆಳಗಿಟ್ಟಳು.

"ರಸ್ತೆ ಕಂಬದವರೆಗೆ ಚೊಕ್ಕ ಇದೆ ಆರ್ಡಿಸ್ ಅವರೇ. ನಿಮ್ಮ ಡ್ಯಾರೆಲ್ ಬೆಳಿಗ್ಗೇನೇ ತೆಗೆದಿದಾನೆ," ಎಂದ.

"ಕಂಬದಾಚೆ?"

"ಎದೆಮಟ್ಟ ಹಿಮ. ನಿನ್ನೆ ಗುಂಡಿ ತೋಡಿ ಬಂದಾಗ ಏನೂ ಇರಲಿಲ್ಲ. ರಾತ್ರಿ ಗಾಳಿ ಎದ್ದು ತುಂಬಿಬಿಟ್ಟಿದೆ. ಬೆನೆಡಿಕ್ಟ್‌ನವರು ಇನ್ನೂ ಕೈ ಹಾಕಿಲ್ಲ."

ಗಡಿರಸ್ತೆ ಪೂರ್ವದಿಂದ ಪಶ್ಚಿಮಕ್ಕೆ ದಾರ ಹಿಡಿದ ಹಾಗೆ ಹೋಗುತ್ತದೆ. ಬಡಗಣ ಹೊಲಗಳೆಲ್ಲ ಹಾಲಿಂಗಿನವು, ತೆಂಕಣವೆಲ್ಲ ಬೆನೆಡಿಕ್ಟ್‌ನವು. ಆ ಗೆರೆ ಎಳೆದವನು ಸರಪಣಿ ಹಿಡಿದು ಬಂದ ಸರ್ವೆಯವನು. ಆಳೆತ್ತರದ ಹುಲ್ಲಿನಲ್ಲಿ ಮೂಗಿನ ನೇರಕ್ಕೆ ನಡೆದುಹೋದ. ಆಗ ಇಲ್ಲಿ ಮೂಲನಿವಾಸಿ ಡಕೋಟ ಜನರ ಗುಡಾರಗಳಿದ್ದವು, ಅವನ ನಕ್ಷೆಯಲ್ಲಿ ಅವು ಇಲ್ಲ. ಆಮೇಲೆ ಗೆರೆಯ ಈಚೆ ನಾರ್ವೆಯವರು ಬಂದು ಹಾಲಿಂಗ್ ಎಂದರು, ಆಚೆ ಜರ್ಮನ್ ಕ್ಯಾಥೊಲಿಕರು ಬಂದು ಬೆನೆಡಿಕ್ಟ್ ಎಂದರು. ರಸ್ತೆ ಇಬ್ಬರಿಗೂ ಸೇರಿದ್ದಾದ್ದರಿಂದ ನಟ್ಟನಡುವೆ ಒಂದು ಓಕ್ ಮರದ ಕಂಬ ನೆಟ್ಟು ಪಾಲು ಮಾಡಿಕೊಂಡರು. ಕಂಬದಿಂದ ಪೂರ್ವದ ಅರ್ಧ ಇವರು ನೋಡಿಕೊಳ್ಳಬೇಕು, ಪಶ್ಚಿಮದ ಅರ್ಧ ಅವರು. ಹಿಮ ತೆಗೆಯುವವನು ಕಂಬದ ತನಕ ತಳ್ಳಿಕೊಂಡು ಬಂದು, ಗಾಡಿಯ ಮುಂದಿನ ಹಿಮ ತಳ್ಳುವ ಅಲಗು ಎತ್ತಿ, ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ. ಇವತ್ತಿಗೂ ಹಾಗೆಯೇ.

ಎಡವಟ್ಟಾದದ್ದು ಸ್ಮಶಾನದ ವಿಷಯದಲ್ಲಿ. ಮೊದಲು ಬಂದವರಿಗೆ ಜೌಗಿಲ್ಲದ ದಿಬ್ಬ ಸಿಕ್ಕಿದ್ದು ಒಂದೇ ಕಡೆ. ನೆಲ ಹಾಲಿಂಗಿನದೇ, ಆದರೆ ಕಂಬದಿಂದ ಪಶ್ಚಿಮಕ್ಕೆ. ಹೀಗಾಗಿ ಹಾಲಿಂಗಿನವನು ಚಳಿಗಾಲದಲ್ಲಿ ಸತ್ತರೆ ಮಣ್ಣು ಸೇರಲು ಬೆನೆಡಿಕ್ಟ್‌ನವರು ದಾರಿ ಬಿಡಿಸಿಕೊಡಬೇಕು.

"ಪೇಟೇಲಿ ನಮ್ಮ ಕಲ್ಲುಕೋಣೆ ಇದೆ," ಎಂದ ಕರ್ಟಿಸ್ ಮೆಲ್ಲಗೆ. "ಹಿಮ ಕರಗೋ ತನಕ ಅಲ್ಲಿ ಇಡಬಹುದು. ಹಿಂದೆಲ್ಲ ಎಲ್ಲರೂ ಹಾಗೇ ಮಾಡ್ತಿದ್ರು. ಏಪ್ರಿಲ್‌ನಲ್ಲಿ ಬಿಸಿಲು ಬಂದ್ಮೇಲೆ ನೆಮ್ಮದಿಯಾಗಿ ಮಣ್ಣು ಮಾಡೋಣ."

"ಬೇಡ. ಅವನು ಕಾದಿದ್ದು ಸಾಕು," ಎಂದಳು ಆರ್ಡಿಸ್. "ಇವತ್ತೇ ಆಗಬೇಕು."

ಕಾದದ್ದು ಎಂದರೆ ಏನು ಎಂದು ಕರ್ಟಿಸ್‌ಗೆ ತಿಳಿಯಲಿಲ್ಲ, ಪಾಪ, ಅವನು ಆಗಿನ್ನೂ ಹುಟ್ಟಿರಲಿಲ್ಲ. ಮಾರ್ಲಿಸ್‌ಗೆ ತಿಳಿಯಿತು. ಅವಳು ತಲೆ ತಗ್ಗಿಸಿ ಬನ್ನುಗಳನ್ನು ಜೋಡಿಸತೊಡಗಿದಳು.

*

ಕರ್ಟಿಸ್ ಹುಟ್ಟುವ ಮುಂಚಿನ ಆ ಚಳಿಗಾಲದಲ್ಲಿ ಎರಡು ಟೌನ್‌ಶಿಪ್ಪುಗಳಿಗೂ ಮಾತಿರಲಿಲ್ಲ. ಕಾರಣ ಒಂದು ಮೋರಿ. ಗಡಿರಸ್ತೆಯ ಕೆಳಗಿನ ಮೋರಿ ಒಡೆದು ಬೆನೆಡಿಕ್ಟ್‌ನವರ ಜೋಳದ ಹೊಲಕ್ಕೆ ನೀರು ನುಗ್ಗಿತ್ತು. ಮೋರಿ ನಿಮ್ಮದು ಎಂದರು ಅವರು. ನೀರು ನಿಮ್ಮ ಹಳ್ಳದ್ದು ಎಂದರು ಇವರು. ವಾರ್ಷಿಕ ಸಭೆಯಲ್ಲಿ ಕುರ್ಚಿ ಎತ್ತಿಕೊಳ್ಳುವುದೊಂದು ಬಾಕಿ. ಕೊನೆಗೆ ಎರಡು ಮಂಡಳಿಗಳೂ ಬೇರೆಬೇರೆಯಾಗಿ ಕೂತು ಒಂದೇ ತೀರ್ಮಾನಕ್ಕೆ ಬಂದವು: ನಮ್ಮ ಗಾಡಿ ಕಂಬದಿಂದ ಒಂದಡಿಯೂ ಆಚೆ ಹೋಗಕೂಡದು.

ಅದಕ್ಕೆ ಮುಂಚೆ ಕಂಬದ ಪಾಲು ಕಾಗದದ ಮೇಲಷ್ಟೇ ಇತ್ತು. ಬೆನೆಡಿಕ್ಟ್‌ನ ರಸ್ತೆ ನೋಡಿಕೊಳ್ಳುತ್ತಿದ್ದವನು ಕ್ಲೆಮ್ ವಿರ್ಟ್ಸ್. ಅವನೂ ಓರ್ವಲ್ಲನೂ ಯಾರು ಮೊದಲು ಹೊರಟರೋ ಅವರೇ ಪೂರ್ತಿ ರಸ್ತೆ ತೆಗೆದುಬಿಡುತ್ತಿದ್ದರು. ಎದುರಾದರೆ ಕಂಬದ ಬುಡದಲ್ಲಿ ಗಾಡಿ ನಿಲ್ಲಿಸಿ ಒಂದೇ ಫ್ಲಾಸ್ಕಿನ ಕಾಫಿ ಕುಡಿಯುತ್ತ ತಂತಮ್ಮ ಮಂಡಳಿಯವರನ್ನು ಬಾಯ್ತುಂಬ ಬೈಯುತ್ತಿದ್ದರು. ಮಂಡಳಿಯ ಮಾತು ಬಂದ ಮೇಲೆ ಇಬ್ಬರೂ ಕಂಬದ ಹತ್ತಿರವೇ ಗಾಡಿ ತಿರುಗಿಸತೊಡಗಿದರು. ಸಂಬಳ ಕೊಡುವವರ ಮಾತು ಮೀರುವುದು ಇಬ್ಬರ ಜಾಯಮಾನದಲ್ಲೂ ಇರಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಸಂಜೆಯ ಹೊತ್ತಿಗೆ ಅಂಗಳದ ದೀಪದ ಕಂಬವೂ ಕಾಣದಷ್ಟು ಹಿಮ. ಟೆಲಿಫೋನ್ ತಂತಿಗಳು ಹರಿದು ಬಿದ್ದಿದ್ದವು. ಊಟದ ವೇಳೆಗೆ ಓರ್ವಲ್ ಬಂದ. ಹುಬ್ಬಿನ ಮೇಲೆಲ್ಲ ಹಿಮ ಗಟ್ಟಿಯಾಗಿತ್ತು. ಆರ್ಡಿಸ್ ಬಟಾಣಿ ಸೂಪು ಬಡಿಸಿದಳು.

"ಕ್ಲೆಮ್ ಬರ್ತಾನೋ ಇಲ್ವೋ ಈ ಗಾಳೀಲಿ," ಎಂದಳು.

"ಆಗ್ಲೇ ಬಂದಿದಾನೆ. ಕಂಬದಾಚೆ ಅವನ ಗಾಡಿ ದೀಪ ಮಿಣಕ್ ಮಿಣಕ್ ಅಂತಿತ್ತು. ಅವನ ಅರ್ಧ ಅವನು ತೆಗೀತಾನೆ ಅಂತ ತಿರುಗಿಸ್ಕೊಂಡು ಬಂದೆ." ಓರ್ವಲ್ ಇನ್ನೊಂದು ಬಟ್ಟಲು ಸೂಪು ಹಾಕಿಸಿಕೊಂಡ.

ಮಿಣುಕುತ್ತಿದ್ದದ್ದು ಕ್ಲೆಮ್‌ನ ಗಾಡಿಯಲ್ಲ. ಅವನ ಮಗಳು ರೀಟಾಳ ಕಾರು. ಪೇಟೆಯ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ, ಹತ್ತೊಂಬತ್ತು ವರ್ಷ. ಓರ್ವಲ್ ಹೊರಡುವ ಮುಂಚೆಯೇ ಈ ರಸ್ತೆಯಲ್ಲಿ ಬಂದವಳು ಹೇಗೋ ಕಂಬ ದಾಟಿ, ಅಲ್ಲಿಂದ ಒಂದು ಕಲ್ಲೆಸೆತದಷ್ಟು ದೂರದಲ್ಲಿ ಸಿಕ್ಕಿಬಿದ್ದಿದ್ದಳು. ಅವಳ ಚಕ್ರದ ಗುರುತನ್ನು ಗಾಳಿ ಅಳಿಸಿತ್ತು. ಯಾರಾದರೂ ನೋಡಲಿ ಎಂದು ಅಪಾಯದ ದೀಪ ಹಾಕಿದ್ದಳು, ಚಳಿಗೆ ಇಂಜಿನ್ ಚಾಲೂ ಇಟ್ಟಿದ್ದಳು. ಹೊಗೆ ಹೋಗುವ ಕೊಳವೆಯನ್ನು ಹಿಮ ಮುಚ್ಚಿ ವಿಷದ ಹೊಗೆ ಕಾರಿನೊಳಗೇ ತುಂಬಿತು. ಬೆಳಿಗ್ಗೆ ಕ್ಲೆಮ್ ತನ್ನ ಅರ್ಧ ತೆಗೆಯುತ್ತ ಬಂದಾಗ ಅಲಗಿಗೆ ಏನೋ ತಗುಲಿತು. ಇಳಿದು ಕೈಯಿಂದ ಹಿಮ ಸರಿಸಿ ನೋಡಿದ. ಸೀಟಿನಲ್ಲಿ ನಿದ್ದೆ ಹೋದವಳ ಹಾಗೆ ಕೂತಿದ್ದಳಂತೆ.

ಓರ್ವಲ್ ಅವಳ ಮಣ್ಣಿಗೆ ಕ್ಯಾಥೊಲಿಕರ ಚರ್ಚಿಗೆ ಹೋದ. ಎಲ್ಲರಿಗಿಂತ ಹಿಂದಿನ ಬೆಂಚಿನಲ್ಲಿ ಕೂತ. ಹೊರಗೆ ಬರುವಾಗ ಕ್ಲೆಮ್ ಅವನನ್ನು ನೋಡಿದ, ನೋಡಿ ಮುಖ ಆಚೆ ತಿರುಗಿಸಿದ. ಒಂದು ಬೈಗುಳವಿಲ್ಲ, ಒಂದು ಮಾತಿಲ್ಲ. ಅವತ್ತಿಗೆ ಅವರಿಬ್ಬರ ಮಾತು ಮುಗಿಯಿತು.

ಈ ಸೀಮೆಯಲ್ಲಿ ಎದುರಿಗೆ ಗಾಡಿ ಬಂದರೆ ಸ್ಟೀರಿಂಗ್ ಮೇಲಿನ ಕೈಯಿಂದ ಒಂದು ಬೆರಳು ಎತ್ತುತ್ತಾರೆ. ಗುರುತಿನವರಿರಲಿ, ದಾರಿಹೋಕರಿರಲಿ, ಹಗೆಯವನೇ ಇರಲಿ, ಒಂದು ಬೆರಳು ಏಳಲೇಬೇಕು. ಅದಾದ ಮೇಲೂ ಎಷ್ಟೋ ವರ್ಷ ಓರ್ವಲ್ ಮತ್ತು ಕ್ಲೆಮ್ ಕಂಬದ ಎರಡು ಬದಿಯಿಂದ ಬಂದು ಎದುರಾದರು. ಓರ್ವಲ್ ಪ್ರತಿ ಸಲವೂ ಬೆರಳು ಎತ್ತಿದ. ಕ್ಲೆಮ್‌ನ ಎರಡು ಕೈಗಳೂ ಮುಚ್ಚಿಕೊಂಡೇ ಇದ್ದವು.

*

ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆಯನ್ನು ಗಾಡಿಗೆ ಏರಿಸಿದರು. ಆದರೆ ಗಾಡಿ ಹೊರಡಲಿಲ್ಲ. ಗಂಡಸರೆಲ್ಲ ಮತ್ತೆ ನೆಲಮಾಳಿಗೆಗೆ ಇಳಿದು ಕಾಫಿಯ ಹಂಡೆಯ ಸುತ್ತ ಗುಂಪುಕಟ್ಟಿದರು.

ಮಂಡಳಿಯ ಅಧ್ಯಕ್ಷ ಲೈಲ್ ಕೈಯಲ್ಲಿ ಲೋಟ ಹಿಡಿದು ಬಾಯಿ ತೆರೆದ. ಅಷ್ಟರಲ್ಲಿ ಇನ್ನೊಬ್ಬ ಸದಸ್ಯ ಡ್ವೇನ್ ಹತ್ತಿರ ಬಂದ.

"ನೀನು ಆ ಕಡೆ ಹೋಗಿ ನಿಂತ್ಕೊ ಮಾರಾಯ," ಎಂದ ಲೈಲ್. "ಇರೋದೇ ಮೂರು ಜನ ಮೆಂಬರು. ಇಬ್ಬರು ಸೇರಿ ರಸ್ತೆ ವಿಷಯ ಮಾತಾಡಿದ್ರೆ ಅದು ಸಭೆ ಅಂತಾಗುತ್ತೆ. ಸಭೆಗೆ ಮುಂಚೆ ನೋಟಿಸು ಹಚ್ಚಬೇಕು."

"ನಾನು ಕಾಫಿಗೆ ಬಂದೆ ಕಣೋ."

"ಕಾಫಿ ತಗೊ. ಕಿವಿ ಮುಚ್ಕೊ."

ಡ್ವೇನ್ ಲೋಟ ತುಂಬಿಸಿಕೊಂಡು ಹೋಗಿ ಪಿಯಾನೋ ಪಕ್ಕ ಬೆನ್ನು ಮಾಡಿ ನಿಂತ. ಅಲ್ಲಿಂದಲೇ ಗೋಡೆಗೆ ಹೇಳುವವನ ಹಾಗೆ, "ಬೆನೆಡಿಕ್ಟ್‌ನ ಗುತ್ತಿಗೆಯವನಿಗೆ ಫೋನು ಮಾಡಿದ್ದೆ. ಅವನ ಗಾಡಿ ಹಳ್ಳಕ್ಕೆ ಇಳಿದು ಕೂತಿದೆಯಂತೆ. ನಾಳೆ ಮಧ್ಯಾಹ್ನ ಅಂದ," ಎಂದ.

ಡ್ಯಾರೆಲ್ ಓರ್ವಲ್ಲನ ತಮ್ಮನ ಮಗ, ಈಗ ಹಾಲಿಂಗಿನ ರಸ್ತೆಗೆ ಅವನೇ. "ನಮ್ಮ ಗಾಡಿ ಇಲ್ಲೇ ಹೊರಗೆ ಇದೆ," ಎಂದ. "ಹೂಂ ಅಂದ್ರೆ ಕಂಬದಾಚೆ ನಾನೇ ಹೋಗ್ತೀನಿ."

ಲೈಲ್ ತಲೆ ಕೆರೆದುಕೊಂಡ. "ನಿನ್ನ ಕಷ್ಟ ನನಗೆ ಅರ್ಥ ಆಗುತ್ತೆ ಡ್ಯಾರೆಲ್. ಆದ್ರೆ ಆ ತೀರ್ಮಾನ ಇನ್ನೂ ಹಾಗೇ ಇದೆ. ಯಾರೂ ರದ್ದು ಮಾಡಿಲ್ಲ. ಆಚೆ ಏನಾದ್ರೂ ಆದ್ರೆ ವಿಮೆಯವರು ಒಪ್ಪಲ್ಲ."

"ಯಾವ ತೀರ್ಮಾನ?" ಎಂದು ಆರ್ಡಿಸ್ ಕೇಳಿದಳು. ಅವಳು ಮೆಟ್ಟಿಲ ಕೆಳಗೆ ಕೋಟು ಹಾಕಿಕೊಂಡು ನಿಂತದ್ದನ್ನು ಯಾರೂ ನೋಡಿರಲಿಲ್ಲ. "ಮೋರಿ ಜಗಳದ್ದಾ?"

ಲೈಲ್ ತನ್ನ ಲೋಟದೊಳಗೆ ನೋಡಿದ.

"ಆ ಮೋರಿ ಹೊಸದಾಗಿ ಹಾಕಿ ಯಾವ ಕಾಲ ಆಯ್ತು ಲೈಲ್. ಜಗಳ ಆಡಿದವರೆಲ್ಲ ದಿಬ್ಬದ ಮೇಲೆ ಮಲಗಿದಾರೆ. ಅವರ ತೀರ್ಮಾನ ಮಾತ್ರ ಎದ್ದು ಓಡಾಡ್ತಾ ಇದೆ ಅಲ್ವಾ."

"ಯಾರಿಗೂ ನೆನಪಾಗಲಿಲ್ಲ ಆರ್ಡಿಸ್. ನಿಜವಾಗ್ಲೂ," ಎಂದ ಲೈಲ್. ಅವನ ಕಿವಿ ಕೆಂಪಾಗಿತ್ತು.

"ಓರ್ವಲ್‌ಗೆ ದಿನಾ ನೆನಪಾಗ್ತಿತ್ತು."

ಡ್ಯಾರೆಲ್ ಅವಳ ಹತ್ತಿರ ಬಂದ. "ಬನ್ನಿ ದೊಡ್ಡಮ್ಮ. ಇವರ ಸಭೆ ಇವರಿಗೇ ಇರಲಿ. ನಾನು ತೆಗೀತೀನಿ, ಆಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ."

"ಬೇಡ ಕಂದ. ಆ ಅರ್ಧ ಅವರದು, ಅವರೇ ತೆಗೀಬೇಕು. ಇಲ್ಲದಿದ್ರೆ ನಿನ್ನ ದೊಡ್ಡಪ್ಪ ಕದ್ದು ದಾಟಿದ ಹಾಗೆ ಆಗುತ್ತೆ." ಅವಳು ಕೈಚೀಲ ಎತ್ತಿಕೊಂಡಳು. "ನಾವು ಕಂಬದ ಹತ್ರ ಹೋಗಿ ನಿಂತ್ಕೊಳ್ಳೋಣ."

"ಯಾರಿಗೆ ಕಾಯೋದು?"

ಆರ್ಡಿಸ್ ಮೆಟ್ಟಿಲು ಹತ್ತತೊಡಗಿದಳು. ಓರ್ವಲ್ ಹೋದ ದಿನವೇ ಅವಳು ಕ್ಲೆಮ್‌ಗೆ ಫೋನು ಮಾಡಿದ್ದಳು. ಅವನೂ ಈಗ ಮುದುಕ, ಒಬ್ಬನೇ ಇದ್ದಾನೆ, ರಸ್ತೆಯ ಕೆಲಸ ಬಿಟ್ಟು ಬಹಳ ಕಾಲವಾಯಿತು. "ಓರ್ವಲ್ ಹೋದ, ಕ್ಲೆಮ್," ಎಂದಿದ್ದಳು. "ಗುರುವಾರ ಮಣ್ಣು," ಎಂದಳು. "ಹೂಂ," ಎಂದ. ಫೋನು ಇಟ್ಟುಬಿಟ್ಟ. ಆ ಹೂಂಗೆ ಏನರ್ಥ ಎಂದು ಅವಳು ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದಳು.

*

ಒಂದು ಸಲ ಅವಳೂ ಓರ್ವಲ್ಲನ ಜೊತೆ ಗಾಡಿಯಲ್ಲಿ ಹೋಗಿದ್ದಳು. ರೀಟಾ ಸತ್ತು ಕೆಲವು ಚಳಿಗಾಲ ಕಳೆದಿತ್ತು. ಹಿಮ ಬಿದ್ದ ದಿನಗಳಲ್ಲಿ ಓರ್ವಲ್ ತಡವಾಗಿ ಬರುತ್ತಿದ್ದ. ಕೇಳಿದರೆ ಕೆಲಸ ಜಾಸ್ತಿ ಎನ್ನುತ್ತಿದ್ದ. ಬಾಯಿ ವಾಸನೆ ನೋಡಿದರೆ ಕುಡಿದೂ ಇಲ್ಲ. ಏನು ಸಮಾಚಾರ ಎಂದು ತಿಳಿಯಲು ಅವಳೇ ಹಟ ಮಾಡಿ ಪಕ್ಕದ ಸೀಟಿನಲ್ಲಿ ಕೂತಳು.

ಕಂಬದ ಬಳಿ ಅವನು ಅಲಗು ಎತ್ತಿದ. ಗಾಡಿ ತಿರುಗಿಸಲಿಲ್ಲ. ಇಂಜಿನ್ ಆರಿಸಿದ, ದೀಪ ಆರಿಸಿದ. ಹೊರಗೆ ಬೂದಿ ಬಣ್ಣದ ಸಂಜೆ, ಹಿಮ ಗಾಜಿಗೆ ಸರಸರ ಹೊಡೆಯುವ ಸದ್ದು. ಅವನು ಎರಡೂ ಕೈ ತೊಡೆಯ ಮೇಲಿಟ್ಟು ಪಶ್ಚಿಮಕ್ಕೆ ನೋಡುತ್ತ ಕೂತ.

"ಕಾಣ್ತಿದ್ಯಾ?" ಎಂದ ಸ್ವಲ್ಪ ಹೊತ್ತಾದ ಮೇಲೆ.

"ಏನು?"

"ಅಲ್ಲಿ. ಮಿಣಕ್ ಮಿಣಕ್ ಅಂತ."

ಅವಳು ಗಾಜು ಒರೆಸಿ ನೋಡಿದಳು. ಹಿಮ ಬಿಟ್ಟರೆ ಏನೂ ಇರಲಿಲ್ಲ. ಹೌದು ಎನ್ನಲೇ ಎಂದುಕೊಂಡಳು. ಗಂಡನಿಗೆ ಎಂದೂ ಸುಳ್ಳು ಹೇಳಿದವಳಲ್ಲ.

"ಇಲ್ಲ ಓರ್ವಲ್."

"ಸರಿ ಬಿಡು." ಅವನಿಗೆ ಬೇಸರವಾದ ಹಾಗೆ ಕಾಣಲಿಲ್ಲ. "ಆ ಹುಡುಗಿಗೆ ಗೊತ್ತು ನಾನು ಇಲ್ಲಿದೀನಿ ಅಂತ. ಅಷ್ಟಾದರೂ ಇರಲಿ."

"ಇಳಿದು ಹೋಗಿ ನೋಡಬಾರದಾ?"

"ಹೋಗಿದೀನಿ. ಹೋದ್ರೆ ಆರಿಹೋಗುತ್ತೆ."

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಸದ್ದಿಲ್ಲದೆ ಅತ್ತಳು. ಅವನು ಸೂಪಿನಲ್ಲಿ ಉಪ್ಪು ಕಡಿಮೆ ಹಾಕು ಎಂದು ಡಾಕ್ಟರು ಹೇಳಿದ್ದನ್ನು ಹೇಳುತ್ತಿದ್ದ. ಮತ್ತೆ ಅವಳು ಅವನ ಜೊತೆ ಹೋಗಲಿಲ್ಲ, ತಡವಾದರೆ ಏಕೆ ಎಂದು ಕೇಳಲೂ ಇಲ್ಲ. ಸೂಪನ್ನು ಒಲೆಯ ಮೇಲೆ ಬೆಚ್ಚಗಿಟ್ಟು ಕಿಟಕಿಯ ಬಳಿ ಕೂತಿರುತ್ತಿದ್ದಳು. ಕೆಲಸ ಬಿಟ್ಟ ಮೇಲೂ ಹಿಮ ಬಿದ್ದಾಗೆಲ್ಲ ಅವನು ಪಿಕಪ್ ತೆಗೆದುಕೊಂಡು ಕಂಬದ ತನಕ ಹೋಗಿ ಬರುತ್ತಿದ್ದ. ಮೊನ್ನೆ ಬೂಟು ಕಟ್ಟಿಕೊಳ್ಳಲು ಬಾಗಿದ್ದೂ ಹಿಂದಿನ ರಾತ್ರಿ ಹಿಮ ಬಿದ್ದಿದ್ದರಿಂದಲೇ.

*

ಗಾಡಿಗಳ ಸಾಲು ಕಂಬದ ಬಳಿ ಬಂದು ನಿಂತಿತು. ಮುಂದೆ ಪೆಟ್ಟಿಗೆಯ ಕಪ್ಪು ಗಾಡಿ, ಅದರ ಹಿಂದೆ ಡ್ಯಾರೆಲ್‌ನ ಪಿಕಪ್‌ನಲ್ಲಿ ಆರ್ಡಿಸ್, ಹಿಂದೆ ಉಳಿದವರು. ಕಂಬದ ಈಚೆ ರಸ್ತೆ ಗುಡಿಸಿದ ನೆಲದ ಹಾಗಿತ್ತು. ಆಚೆ ಹಿಮ ರಸ್ತೆಗೂ ಹೊಲಕ್ಕೂ ವ್ಯತ್ಯಾಸವಿಲ್ಲದಂತೆ ತುಂಬಿಕೊಂಡಿತ್ತು. ದೂರದಲ್ಲಿ ದಿಬ್ಬದ ಮೇಲಿನ ಸೀಡರ್ ಮರಗಳು ಮಾತ್ರ ಕಪ್ಪಗೆ ಕಾಣುತ್ತಿದ್ದವು.

ಜನ ಇಳಿದು ನಿಂತರು. ಕಾಲು ಕುಟ್ಟಿದರು. ಮತ್ತೆ ಗಾಡಿಯೊಳಗೆ ಹೋಗಿ ಕೂತರು. ಜನವರಿಯ ಬಿಸಿಲು, ಆಗಲೇ ಇಳಿಮುಖವಾಗಿತ್ತು.

ಕರ್ಟಿಸ್ ಬಂದು ಕಿಟಕಿ ತಟ್ಟಿದ. "ಕತ್ತಲಾದ್ರೆ ಮಣ್ಣು ಮಾಡೋಕಾಗಲ್ಲ ಆರ್ಡಿಸ್ ಅವರೇ. ಇನ್ನರ್ಧ ಗಂಟೆ ನೋಡ್ತೀನಿ. ಆಮೇಲೆ ಪೇಟೆಗೆ ಕರ್ಕೊಂಡು ಹೋಗ್ಲೇಬೇಕು."

"ಆಯ್ತು," ಎಂದಳು. ಅವನು ಹೋದ ಮೇಲೆ ಕೈಗವಸು ಬಿಚ್ಚಿದಳು, ಮತ್ತೆ ಹಾಕಿಕೊಂಡಳು. ಬದುಕಿದ್ದಾಗ ಇಲ್ಲಿ ಕಾದ. ಸತ್ತ ಮೇಲೂ ಇಲ್ಲಿಂದಲೇ ತಿರುಗಿಸಿಕೊಂಡು ಹೋಗುವುದೇ? ಅವಳಿಗೆ ಸಿಟ್ಟು ಬಂತು. ಕ್ಲೆಮ್ ಮೇಲೆ ಬಂತು, ಮಂಡಳಿಯ ಮೇಲೆ ಬಂತು, ಸರಪಣಿ ಹಿಡಿದು ಬಂದ ಆ ಸರ್ವೆಯವನ ಮೇಲೂ ಬಂತು. ಕೊನೆಗೆ ಪೆಟ್ಟಿಗೆಯಲ್ಲಿ ಮಲಗಿದವನ ಮೇಲೆ ಬಂತು. ಇಷ್ಟು ವರ್ಷ ಆ ಬೆಳಕನ್ನು ನೋಡಿದವನು ಒಂದು ಸಲ ಕ್ಲೆಮ್‌ನ ಬಾಗಿಲು ತಟ್ಟಬಾರದಿತ್ತೇ?

ಅಷ್ಟರಲ್ಲಿ ಅವಳ ಕೈ ಡ್ಯಾರೆಲ್‌ನ ತೋಳನ್ನು ಹಿಡಿಯಿತು. ಪಶ್ಚಿಮದಲ್ಲಿ ಹಿಮದ ನಡುವೆ ಒಂದು ಸಣ್ಣ ದೀಪ ಮಿಣುಕುತ್ತಿತ್ತು.

"ನಿನಗೂ ಕಾಣ್ತಿದ್ಯಾ?" ಎಂದಳು.

"ಕಾಣ್ತಿದೆ ದೊಡ್ಡಮ್ಮ. ಟ್ರಾಕ್ಟರು. ಹಳೇದು." ಡ್ಯಾರೆಲ್ ಕಣ್ಣು ಕಿರಿದು ಮಾಡಿದ. "ಮೇಲೆ ಹೊದಿಕೆ ಕೂಡ ಇಲ್ಲ. ಈ ಚಳೀಲಿ ಯಾವ ಹುಚ್ಚ ಅದು?"

ಹುಚ್ಚ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಹಿಮ ತಳ್ಳುತ್ತಾನೆ, ಹಿಂದಕ್ಕೆ ಹೋಗುತ್ತಾನೆ, ಮತ್ತೆ ತಳ್ಳುತ್ತಾನೆ. ಜನರೆಲ್ಲ ಇಳಿದು ನಿಂತು ನೋಡಿದರು. ಕಂಬದ ಹತ್ತಿರ ಬಂದು ಟ್ರಾಕ್ಟರ್ ನಿಂತಿತು. ಇಂಜಿನ್ ಆರಿಸದೆ ಕ್ಲೆಮ್ ವಿರ್ಟ್ಸ್ ಇಳಿದ. ಇಳಿಯುವಾಗ ಮೊಣಕಾಲು ಹಿಡಿಯಿತು. ಡ್ಯಾರೆಲ್ ಕೈ ಕೊಡಲು ಹೋದ, ಅವನು ಬೇಡವೆಂದ. ಗಡ್ಡದ ತುಂಬ ಹಿಮ.

ಕ್ಲೆಮ್ ಆರ್ಡಿಸ್‌ಳ ಎದುರು ಬಂದು ನಿಂತು ಅವಳ ಬೂಟುಗಳನ್ನು ನೋಡುತ್ತ ಮಾತಾಡಿದ.

"ಇದು ಬೇಗ ಸ್ಟಾರ್ಟ್ ಆಗ್ಲಿಲ್ಲ. ತಡ ಆಯ್ತು."

"ಬಂದ್ಯಲ್ಲ."

"ಅವನಿಗೆ ಒಂದು ಮಾತು ಹೇಳಬೇಕಿತ್ತು. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ..." ಅವನು ಕೈಗವಸಿನಿಂದ ಮೂಗು ಒರೆಸಿಕೊಂಡ. "ಅವತ್ತು ನಾನು ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದೆ. ರೀಟಾ ಇನ್ನೂ ಬಂದಿಲ್ಲ ಅಂತ ಗಾಡಿ ಸ್ಟಾರ್ಟ್ ಮಾಡಿ ಇಟ್ಟಿದ್ದೆ. ಗಾಳಿ ಒಂದು ಗಳಿಗೆ ನಿಂತಾಗ ಕಂಬದ ಹತ್ರ ಅವನ ದೀಪ ಕಾಣಿಸ್ತು. ತಿರುಗಿಸ್ಕೊಂಡು ಹೋಗಿದ್ದೂ ಕಾಣಿಸ್ತು. ಅವಳ ಸಣ್ಣ ದೀಪ ಮಾತ್ರ ಕಾಣಿಸ್ಲಿಲ್ಲ."

ಅವನು ಒಮ್ಮೆ ತಿರುಗಿ ತಾನು ತೆಗೆದ ದಾರಿಯನ್ನು ನೋಡಿದ.

"ಓರ್ವಲ್ ಪೇಟೆ ಕಡೆಯಿಂದ ಕಂಬದ ತನಕ ಬಂದಿದಾನೆ, ರೀಟಾ ದಾರೀಲಿ ಇದ್ದಿದ್ರೆ ಅವನ ಕಣ್ಣಿಗೆ ಬೀಳ್ತಿದ್ಲು ಅಂದ್ಕೊಂಡೆ. ಅವನು ಬಿಟ್ಟು ಹೋಗೋ ಮನುಷ್ಯ ಅಲ್ಲ. ಪೇಟೇಲೇ ಉಳಿದಿರ್ತಾಳೆ ಅಂದ್ಕೊಂಡೆ. ಗಾಡಿ ಆರಿಸಿದೆ. ಒಳಗೆ ಹೋಗಿ ಊಟ ಮಾಡ್ದೆ ಆರ್ಡಿಸ್. ಹೊಟ್ಟೆ ತುಂಬ ಊಟ ಮಾಡ್ದೆ."

ಅವಳಿಗೆ ಬಟಾಣಿ ಸೂಪಿನ ಎರಡನೆಯ ಬಟ್ಟಲು ನೆನಪಾಯಿತು. ಕಂಬವನ್ನು ಹಿಡಿದುಕೊಂಡಳು.

"ನೀನು ಅವನ ಮೇಲೆ ಸಿಟ್ಟಾಗಿದೀಯ ಅಂತ ಅವನು ತಿಳ್ಕೊಂಡಿದ್ದ," ಎಂದಳು. "ಕೊನೇವರೆಗೂ."

"ಗೊತ್ತಿತ್ತು," ಎಂದ ಕ್ಲೆಮ್. "ಗೊತ್ತಿದ್ದೂ ಸುಮ್ಮನಿದ್ದೆ. ಅವನ ಮುಖ ನೋಡಿದ್ರೆ ನನ್ನ ಊಟ ನೆನಪಾಗ್ತಿತ್ತು. ಅವನೇ ತಪ್ಪಿತಸ್ಥ ಆಗಿರ್ಲಿ ಅಂತ ಬಿಟ್ಟುಬಿಟ್ಟೆ."

ಆ ಮಾತಿಗೆ ಅವನಿಗೆ ಹೊಡೆಯಬೇಕು ಅನ್ನಿಸಿತು ಆರ್ಡಿಸ್‌ಗೆ. ಕೈ ಎತ್ತಲೂಬಹುದಿತ್ತು. ಅವನ ಹುಬ್ಬಿನ ಮೇಲೆ ಹಿಮ ಗಟ್ಟಿಯಾಗಿತ್ತು, ಥೇಟು ಅವತ್ತಿನ ಓರ್ವಲ್ಲನ ಹಾಗೆ. ಅವಳು ಕೈ ಎತ್ತಿ ಅದನ್ನು ಒರೆಸಿದಳು, ಸ್ವಲ್ಪ ಒರಟಾಗಿಯೇ.

"ಮುಂದೆ ನಡಿ," ಎಂದಳು. "ಕತ್ತಲಾಗುತ್ತೆ."

*

ಮಣ್ಣು ಮುಗಿದಾಗ ಆಕಾಶದಲ್ಲಿ ಒಂದು ಕೆಂಪು ಗೆರೆ ಉಳಿದಿತ್ತು. ಜನ ಬೇಗ ಬೇಗ ಆರ್ಡಿಸ್‌ಳ ಕೈ ಹಿಡಿದು ಕಾಫಿಯ ಕಡೆಗೆ ಹೊರಟರು. ಒಂದೊಂದೇ ಗಾಡಿ ಕಂಬ ದಾಟಿ ಪೂರ್ವಕ್ಕೆ ಹೋಯಿತು. ಗುಂಡಿ ಮುಚ್ಚುವವನು ದಿಬ್ಬದ ಮೇಲೆ ಲಾಟೀನು ಹಚ್ಚಿಕೊಂಡು ಸಲಿಕೆ ಆಡಿಸುತ್ತಿದ್ದ. ಗಾಳಿ ಮತ್ತೆ ಏಳತೊಡಗಿತ್ತು.

ಕೊನೆಗೆ ಉಳಿದದ್ದು ಡ್ಯಾರೆಲ್‌ನ ಪಿಕಪ್ ಮತ್ತು ಟ್ರಾಕ್ಟರ್.

"ನಾನು ಮುಂದೆ ಹೋಗ್ತೀನಿ," ಎಂದ ಕ್ಲೆಮ್. "ಚರ್ಚಿನ ತನಕ."

"ಕಂಬದಾಚೆ ನಮ್ಮ ಅರ್ಧ ಕ್ಲೆಮ್. ಬೆಳಿಗ್ಗೇನೇ ತೆಗೆದಾಗಿದೆ," ಎಂದಳು ಆರ್ಡಿಸ್.

"ಗೊತ್ತು," ಎಂದು ಅವನು ಹತ್ತಿ ಕೂತ.

ಕಂಬ ಬಂತು. ಡ್ಯಾರೆಲ್ ವೇಗ ತಗ್ಗಿಸಿ ಕಾದ. ಅಲ್ಲಿ ಎಲ್ಲರೂ ಅಲಗು ಎತ್ತುತ್ತಾರೆ. ಕ್ಲೆಮ್ ಎತ್ತಲಿಲ್ಲ. ಅಲಗು ಕಂಬವನ್ನು ದಾಟಿ ಹಾಲಿಂಗಿನ ಬರಿಯ ಜಲ್ಲಿಯ ಮೇಲೆ ಕರಕರ ಎನ್ನುತ್ತ ಸಾಗಿತು. ತೆಗೆಯಲು ಅಲ್ಲಿ ಹಿಮವೇ ಇರಲಿಲ್ಲ.

"ಅಲಗು ಸವೆದುಹೋಗುತ್ತೆ," ಎಂದ ಡ್ಯಾರೆಲ್. ಅದೇ ಕೆಲಸ ಮಾಡುವವನಿಗೆ ನೋಡಲಾಗಲಿಲ್ಲ. "ಏನು ಮಾಡ್ತಿದಾನೆ ಈ ಮುದುಕ?"

ಆರ್ಡಿಸ್ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಅವಳು ಪಕ್ಕದ ಕನ್ನಡಿಯಲ್ಲಿ ನೋಡುತ್ತಿದ್ದಳು.

"ನಮ್ಮ ಹಿಂದೆ ಯಾರಾದ್ರೂ ಬರ್ತಿದಾರಾ?"

ಡ್ಯಾರೆಲ್ ತನ್ನ ಕನ್ನಡಿ ನೋಡಿದ, ಕತ್ತು ಹೊರಳಿಸಿಯೂ ನೋಡಿದ. "ಯಾರೂ ಇಲ್ಲ ದೊಡ್ಡಮ್ಮ. ನಾವೇ ಕೊನೆ. ದಿಬ್ಬದ ಮೇಲೆ ಆ ಲಾಟೀನು ಒಂದೇ."

ದಿಬ್ಬದ ಲಾಟೀನು ಅವಳಿಗೂ ಕಾಣುತ್ತಿತ್ತು. ಅವಳು ಕೇಳಿದ್ದು ಅದನ್ನಲ್ಲ. ಕೆಳಗೆ, ಕಂಬದಾಚೆ, ರಸ್ತೆಯ ಮೇಲೆ, ಸಣ್ಣದೊಂದು ದೀಪ ಮಿಣಕ್ ಮಿಣಕ್ ಎನ್ನುತ್ತಿತ್ತು. ಅದರ ಬೆನ್ನಿಗೇ ಇನ್ನೊಂದು ದೀಪ, ದೊಡ್ಡದು, ಹಳದಿಯದು, ಓರ್ವಲ್ಲನ ಹಿಮದ ಗಾಡಿಯ ದೀಪದ ಹಾಗೆ. ಎರಡೂ ಸ್ವಲ್ಪ ಹೊತ್ತು ನಿಂತಲ್ಲೇ ನಿಂತಿದ್ದವು. ಆಮೇಲೆ ಮೆಲ್ಲಗೆ ಪಶ್ಚಿಮಕ್ಕೆ ಹೊರಟವು, ಕ್ಲೆಮ್ ತೆಗೆದ ದಾರಿಯಲ್ಲಿ, ಕ್ಲೆಮ್‌ನ ಮನೆಯ ಕಡೆಗೆ.

ಡ್ಯಾರೆಲ್ ತಟ್ಟನೆ ಬ್ರೇಕು ಒತ್ತಿದ. ಮುಂದೆ ಟ್ರಾಕ್ಟರ್ ನಿಂತುಬಿಟ್ಟಿತ್ತು. ಪಿಕಪ್‌ನ ಬೆಳಕಿನಲ್ಲಿ ಕ್ಲೆಮ್ ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದ. ಅವನು ಇವರನ್ನು ನೋಡುತ್ತಿರಲಿಲ್ಲ, ಇವರ ತಲೆಯ ಮೇಲಿಂದ ಕಂಬದಾಚೆಗೆ ನೋಡುತ್ತಿದ್ದ. ಒಂದು ಕೈ ಸ್ಟೀರಿಂಗ್ ಮೇಲೇ ಇತ್ತು. ಆ ಕೈಯಿಂದ ಒಂದು ಬೆರಳು ಮೇಲೆದ್ದಿತು.